ಪಕ್ಕದ ಮನೆಯ ಕಥೆ

"ನಿನ್ನ ಪುಸ್ತಕದ ಮೊದಲರ್ಧ ಓದ್ತಾ ಒಲೆ ಮೇಲಿಟ್ಟ ಹಾಲು ಉಕ್ಕಿಸಿಬಿಟ್ಟೆ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. "ಉಳಿದರ್ಧ ಓದ್ತಾ ನಿನ್ನ ಕತ್ತು ಹಿಸುಕಬೇಕು ಅನ್ನಿಸ್ತು."

ಕನ್ನಡಕದ ಅಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ, ಎತ್ತರದ ಕುರ್ಚಿಗೆ ತಲೆಯಾನಿಸಿ ಅವಳು ಕೂತಿದ್ದಳು. ಆಗಷ್ಟೇ ಅವನು ಪರೀಕ್ಷೆಗೆಂದು ಅವಳ ಕಣ್ಣಿಗೆ ಹನಿ ಹಾಕಿದ್ದ. ಅದು ಕೆಲಸ ಮಾಡುವ ತನಕ ಅವಳು ಕಣ್ಣು ತೆರೆಯುವಂತಿಲ್ಲ. ಅಂದರೆ ಅಷ್ಟು ಹೊತ್ತು ಅವಳನ್ನು ಮನಸ್ಸು ತಣಿಯುವಷ್ಟು ನೋಡಬಹುದು, ಕೇಳುವವರಿಲ್ಲ. ರೆಪ್ಪೆಯಂಚಿನಿಂದ ಒಂದು ಹನಿ ಜಾರಿ ಕೆನ್ನೆಯ ಮೇಲೆ ಬಂದು ನಿಂತಿತ್ತು. ಒರೆಸಲು ಹತ್ತಿ ಅವನ ಕೈಯಲ್ಲೇ ಇತ್ತು. ಧೈರ್ಯ ಮಾತ್ರ ಇರಲಿಲ್ಲ.

"ನೋಡ್ತಿದ್ದೀಯ ಅಂತ ಗೊತ್ತು," ಎಂದಳು.

"ಕಣ್ಣು ನೋಡೋದೇ ನನ್ನ ಕೆಲಸ."

"ಕಣ್ಣು ಮುಚ್ಚಿದೆ."

ಅವನು ಹತ್ತಿಯನ್ನು ಅವಳ ಕೈಗಿಟ್ಟು, ಸ್ಟೂಲನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡು ಕೂತ.

ರಸ್ತೆಯ ಈ ಕಡೆ ಅವನ ಕನ್ನಡಕದ ಅಂಗಡಿ, ಆ ಕಡೆ ಅವಳ ಮನೆಯವರ ಮೆಡಿಕಲ್ ಶಾಪ್. ಎಂಥ ಡಾಕ್ಟರ ಅಕ್ಷರವನ್ನೂ ಅವಳು ಸಲೀಸಾಗಿ ಓದಿಬಿಡುತ್ತಿದ್ದಳು. ಆದರೆ ಎದುರು ಅಂಗಡಿಯವನ ಮುಖದಲ್ಲಿ ಬರೆದಿದ್ದನ್ನು ಮಾತ್ರ ಅವನೇ ಬಾಯಿಬಿಟ್ಟು ಹೇಳಲಿ ಎಂದು ಕಾದು ಕೂತಿದ್ದಳು. ಅವನೋ, ಮನೆಗೆ ಬಂದು ಮಾತಾಡ್ತೀನಿ, ಪುಸ್ತಕ ಒಂದು ಬರಲಿ, ಎಂದು ದಿನ ತಳ್ಳುತ್ತಿದ್ದ. ಪುಸ್ತಕ ಬಂತು. ಒಂದು ಪತ್ತೇದಾರಿ ಕಾದಂಬರಿ. ಈ ಬುದ್ಧಿವಂತ ಅದರ ಮೊದಲ ಪ್ರತಿಗೆ ಸಹಿ ಹಾಕಿ, ತಾನೇ ಹೋಗಿ ಅವಳ ಮನೆಗೆ ಕೊಟ್ಟು ಬಂದ.

ಕಥೆ ಇಷ್ಟೇ. ಒಂದು ತುಂಬಿದ ಮನೆ. ಒಂದು ದಿನ ಗೋಡೆಯ ಮೇಲಿದ್ದ ಮದುವೆ ಫೋಟೋ ಕಾಣೆಯಾಗುತ್ತದೆ. ಮನೆ ಮಗಳು ಹುಡುಕುತ್ತಾ ಹೋಗುತ್ತಾಳೆ. ಕದ್ದವರು ಮಹಡಿಯ ಕೋಣೆಯಲ್ಲಿ ಒಂಟಿಯಾಗಿರುವ ದೊಡ್ಡಪ್ಪ. ಫೋಟೋದಲ್ಲಿ ತಮ್ಮನ ಪಕ್ಕ ನಿಂತಿರುವ ಮದುಮಗಳನ್ನು ಅವರು ಮೊದಲಿನಿಂದ ಪ್ರೀತಿಸಿದ್ದರು, ತಮ್ಮನಿಗಾಗಿ ಬಿಟ್ಟುಕೊಟ್ಟಿದ್ದರು. ಕೊನೆಯ ಅಧ್ಯಾಯದಲ್ಲಿ ಎಲ್ಲರ ಮುಂದೆ ಅದನ್ನು ಹೇಳಿ, ಪೆಟ್ಟಿಗೆ ಹಿಡಿದು ರೈಲು ಹತ್ತಿಬಿಡುತ್ತಾರೆ.

ಅವಳ ಮನೆಯಲ್ಲೂ ಮದುವೆಯಾಗದ ಒಬ್ಬ ದೊಡ್ಡಪ್ಪ ಇದ್ದರು. ಅವರ ಕೋಣೆಯೂ ಮಹಡಿಯ ಮೇಲೇ ಇತ್ತು.

"ಪೇಪರ್ ಮಡಚೋ ರೀತಿ ಅವರದ್ದೇ," ಎಂದಳು. "ಊಟ ಮಾಡಿ ತಟ್ಟೆ ತಾವೇ ತೊಳೆಯೋದು. ಅಮ್ಮ ಬಡಿಸೋಕೆ ಬಂದ್ರೆ ಸಾಕು ಸಾಕು ಅಂತ ಕೈ ಅಡ್ಡ ಇಡೋದು. ನಮ್ಮ ದೊಡ್ಡಪ್ಪನ್ನ ಎತ್ತಿ ಪುಸ್ತಕದೊಳಗೆ ಕೂರಿಸಿದ್ದೀಯ."

"ದಿನಾ ಎದುರಿಗೇ ಗಲ್ಲಾದಲ್ಲಿ ಕೂತಿರ್ತಾರೆ. ನಿಮ್ಮನೇಲಿ ಊಟ ಮಾಡಿದಾಗ ಮಿಕ್ಕಿದ್ದು ನೋಡಿದೆ. ನಡವಳಿಕೆ ಅವರದ್ದು, ಕಥೆ ನಾನು ಕಟ್ಟಿದ್ದು. ಆಣೆ ಮಾಡ್ಲಾ?"

"ನನ್ನ ಹತ್ರ ಮಾಡಿ ಏನುಪಯೋಗ? ಅಪ್ಪ ಒಬ್ರು ಖುಷಿಯಾಗಿದ್ದಾರೆ, ಕಳ್ಳ ಯಾರು ಅಂತ ಮೊದಲೇ ಕಂಡುಹಿಡಿದೆ ಅಂತ. ನಮ್ಮ ಸೋದರತ್ತೆಯಂತೂ ಮನೆ ತಲೆಕೆಳಗು ಮಾಡ್ತಿದ್ದಾರೆ. ನಮ್ಮ ಅಣ್ಣನ್ನ ಬೀದಿಗೆ ತಂದ, ಇಂಥೋನಿಗೆ ಹುಡುಗೀನ ಕೊಡೋದಾ, ಅವನಿಗೆ ಇದನ್ನ ಹೇಳಿದ್ದು ಯಾರು ಅಂತ ಗೊತ್ತಾಗೋ ತನಕ ಅವನು ಹೊಸಲು ತುಳಿಯೋ ಹಾಗಿಲ್ಲ ಅಂತ."

"ಅಮ್ಮ?"

"ಓದಿ ಮುಗಿಸಿದ್ರು. ಏನೂ ಅನ್ನಲಿಲ್ಲ."

ಇಲ್ಲದ್ದನ್ನು ಕಟ್ಟಿ ಬರೆದವನು, ಅದು ಇಲ್ಲ ಎಂದು ತೋರಿಸುವುದಾದರೂ ಹೇಗೆ? ಯೋಚಿಸಿದಷ್ಟೂ ದಾರಿ ಕಾಣಲಿಲ್ಲ. ದಾರಿ ಕಾಣದ ಗಂಡಸರು ಸಾಮಾನ್ಯವಾಗಿ ಮಾಡುವುದನ್ನೇ ಅವನೂ ಮಾಡಿದ. ದೊಡ್ಡ ಮನುಷ್ಯನಾಗಲು ಹೊರಟ.

"ಹಾಗಾದ್ರೆ ಬೇಡ ಬಿಡು," ಎಂದ. "ನಿಮ್ಮನೆ ನೆಮ್ಮದಿ ಕೆಡಿಸಿ ನಾನು ಸಾಧಿಸೋದೇನಿದೆ? ಬಂದು ಮಾತಾಡ್ತೀನಿ ಅಂದಿದ್ದೆನಲ್ಲ, ಅದನ್ನ ಮರೆತುಬಿಡು. ನಾನು ದೂರ ಇರ್ತೀನಿ."

ಅವಳು ಕಣ್ಣು ತೆರೆದಳು. ಹನಿಯಿಂದ ಪಾಪೆಗಳು ಅಗಲವಾಗಿ, ಕಣ್ಣ ತುಂಬ ಕಪ್ಪೇ ಆಗಿತ್ತು. ಅಷ್ಟು ಚೆಂದದ ಕಣ್ಣನ್ನು ಅವನು ತನ್ನ ವೃತ್ತಿಯಲ್ಲೇ ಕಂಡಿರಲಿಲ್ಲ, ಅಷ್ಟು ಕೋಪವನ್ನೂ.

"ನಿನ್ನ ಮುಖ ಮಸುಕು ಮಸುಕಾಗಿದೆ," ಎಂದಳು. "ಒಳ್ಳೇದೇ ಆಯ್ತು."

ಎದ್ದು ಗೋಡೆ ಸವರುತ್ತಾ ಹೊರಟಳು. ಅವನು ಕೈ ಚಾಚಿದ, ಅವಳು ಹಿಡಿಯಲಿಲ್ಲ. ಹೊರಗಿನ ಬಿಸಿಲಿಗೆ ಕಣ್ಣು ಬಿಡಲಾಗದೆ ಹಣೆಗೆ ಅಂಗೈ ಅಡ್ಡ ಹಿಡಿದು ನಿಂತಾಗ, ಅವನು ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ, ಬರುವ ಗಾಡಿಗಳಿಗೆಲ್ಲ ಕೈ ತೋರಿಸಿ ನಿಲ್ಲಿಸುತ್ತಾ ರಸ್ತೆ ದಾಟಿಸಿದ. ಅವಳ ದುಪಟ್ಟಾದ ಅಂಚು ಒಮ್ಮೆ ಅವನ ಮಣಿಕಟ್ಟಿಗೆ ತಾಗಿತು. ಅವರಿಬ್ಬರ ನಡುವೆ ಆ ದಿನ ಆದ ಒಳ್ಳೆಯ ಸಂಗತಿ ಅದೊಂದೇ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಪೂರ್ತಿ ಎತ್ತುವ ಮುಂಚೆಯೇ ದೊಡ್ಡಪ್ಪ ತಲೆ ತಗ್ಗಿಸಿ ಒಳಗೆ ಬಂದರು.

"ಓದೋ ಕನ್ನಡಕ ಸರಿ ಬರ್ತಿಲ್ಲ ಡಾಕ್ಟ್ರೇ," ಎಂದರು. ಅವನು ಡಾಕ್ಟರಲ್ಲ ಎಂದು ಇಡೀ ಬೀದಿಗೆ ಗೊತ್ತು. ಆದರೂ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಅವನು ಅವರನ್ನು ಕುರ್ಚಿಯಲ್ಲಿ ಕೂರಿಸಿದ. ಗಾಜು ಬದಲಿಸಿ ನೋಡುವ ಗುಂಡು ಚೌಕಟ್ಟನ್ನು ಮೂಗಿನ ಮೇಲಿಟ್ಟ. ದೀಪ ಆರಿಸಿದ. ಎದುರಿಗೆ ಅಕ್ಷರಗಳ ಬೋರ್ಡು ಮಾತ್ರ ಬೆಳ್ಳಗೆ ಉರಿಯುತ್ತಿತ್ತು.

"ನಿನ್ನ ಪುಸ್ತಕ ಓದಿದೆ," ಎಂದರು ದೊಡ್ಡಪ್ಪ.

ಅವನ ಕೈಯಲ್ಲಿದ್ದ ಗಾಜು ಚೌಕಟ್ಟಿಗೆ ಕೂರದೆ ಟಣ್ ಎಂದಿತು. "ಸರ್, ಅದು..."

"ಚೆನ್ನಾಗಿ ಬರೆದಿದ್ದೀಯ. ಫೋಟೋ ಹೋದ ಜಾಗದಲ್ಲಿ ಗೋಡೆ ಬಣ್ಣ ಬೇರೆ ಇರೋದು, ಎಲ್ಲರೂ ಅಲ್ಲಿ ನೋಡ್ದೆ ಓಡಾಡೋದು, ಅದೆಲ್ಲ ತುಂಬಾ ಹಿಡಿಸ್ತು. ಕೊನೆ ಮಾತ್ರ ಸುಳ್ಳು."

"ಕಾದಂಬರಿ ಅಲ್ವಾ ಸರ್. ಎಲ್ಲಾ ಸುಳ್ಳೇ."

"ಹಾಗಲ್ಲ. ಅವನು ಎಲ್ಲರ ಮುಂದೆ ಹೇಳಿಬಿಡ್ತಾನಲ್ಲ, ಅದು. ಹಾಗೆ ಹೇಳೋ ಗುಂಡಿಗೆ ಇದ್ದೋನು ಮದುವೆಗೆ ಮುಂಚೆನೇ ಹೇಳಿರ್ತಿದ್ದ." ಸ್ವಲ್ಪ ತಡೆದರು. "ಆಮೇಲೆ ತ್ಯಾಗ ಅಂತ ಬರೆದಿದ್ದೀಯ. ಅದನ್ನ ಓದಿ ನಗು ಬಂತು. ತ್ಯಾಗ ಎಲ್ಲಿಂದ ಬಂತು? ತಮ್ಮ ಓಡಿಬಂದು ಅವಳ ಹೆಸರು ಹೇಳಿದ. ಅಣ್ಣನ ಬಾಯಿ ಒಣಗಿಹೋಯ್ತು. ನಾಳೆ ಹೇಳೋಣ ಅಂದ್ಕೊಂಡ. ಅಷ್ಟರಲ್ಲಿ ಮನೆಯವರು ಹೋಗಿ ಮಾತಾಡ್ಕೊಂಡು ಬಂದ್ರು. ಇಷ್ಟೇ ನಡೆದಿದ್ದು."

ಹೀಗಾಗಿರಬಹುದು ಎಂದು ಅವನು ಕಟ್ಟಿದ್ದ ಕಥೆ, ಆ ಗುಂಡು ಚೌಕಟ್ಟು ಹಾಕಿಕೊಂಡು ಎದುರಿಗೇ ಕೂತಿತ್ತು.

"ಯಾರೂ ನನಗೆ ಹೇಳಿಲ್ಲ ಸರ್. ನೀವು ಪೇಪರ್ ಮಡಚೋದು ನೋಡಿ ಬರೆದೆ."

"ಪೇಪರ್ ಮಡಚೋದ್ರಲ್ಲಿ ಅಷ್ಟೆಲ್ಲ ಕಾಣುತ್ತಾ?" ದೊಡ್ಡಪ್ಪ ನಿಜಕ್ಕೂ ಆಶ್ಚರ್ಯಪಟ್ಟರು. "ಹೇಳೋಕೆ ಯಾರಿಗೆ ಗೊತ್ತಿದೆ ಬಿಡು. ನನ್ನ ತಮ್ಮನಿಗೆ ಗೊತ್ತಿಲ್ಲ. ಗೊತ್ತಾಗಬಾರದು ಕೂಡ, ಪಾಪ, ಅವನೇನು ತಪ್ಪು ಮಾಡಿದ?"

"ಅಮ್ಮನಿಗೆ?"

"ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೇ ಇಷ್ಟು ವರ್ಷ ಒಂದೇ ಮನೇಲಿ ಇದ್ದೆ. ಮೊನ್ನೆ ಪುಸ್ತಕ ಮುಗಿಸಿ ಬಟ್ಟೆ ಮಡಚೋಕೆ ಕೂತಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚ್ತಿದ್ದಳು. ಇನ್ನು ನನಗೇನೂ ಗೊತ್ತಾಗ್ತಿಲ್ಲ."

ಅವರ ಕಣ್ಣು ತುಂಬಿಕೊಂಡು ಬೋರ್ಡಿನ ಅಕ್ಷರಗಳೆಲ್ಲ ಕಲಸಿಹೋಗಿರಬೇಕು. ಅವನು ದೀಪ ಹಾಕಲಿಲ್ಲ. ಅವರ ಮೊಣಕೈ ಹಿಡಿದು ನಿಂತ.

"ನಮ್ಮ ಹುಡುಗಿ ನಿನ್ನೆಯಿಂದ ನೀರೂ ಮುಟ್ಟಿಲ್ಲ," ಎಂದರು ಕೊನೆಗೆ, ಚೌಕಟ್ಟನ್ನು ತಾವೇ ತೆಗೆದು ಅವನ ಕೈಗಿಡುತ್ತಾ. "ನಮ್ಮ ನೆಮ್ಮದಿಗೋಸ್ಕರ ದೂರ ಇರ್ತೀನಿ ಅಂದೆಯಂತೆ. ಚೆನ್ನಾಗಿ ಕಾಣುತ್ತೆ ಅದು, ಪುಸ್ತಕದಲ್ಲಿ."

ಕನ್ನಡಕಕ್ಕೆ ಅಳತೆ ಕೂಡ ಕೊಡದೆ ಎದ್ದು ಹೋದರು.

ಅವನು ಇಡೀ ಬೆಳಿಗ್ಗೆ ಒಂದೇ ಗಾಜನ್ನು ಒರೆಸುತ್ತಾ ಕೂತ. ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಅಂಗಡಿ ತೆರೆದೇ ಬಿಟ್ಟು ರಸ್ತೆಗಿಳಿದ.

ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಇದ್ದರು, ಮಾಲು ತರಲು ಹೋಗಿದ್ದ ಅಪ್ಪ ಒಬ್ಬರನ್ನು ಬಿಟ್ಟು. ಗಲ್ಲಾದಲ್ಲಿ ದೊಡ್ಡಪ್ಪ. ಒಳಗೆ ಔಷಧಿಯ ಪೆಟ್ಟಿಗೆ ಬಿಚ್ಚುತ್ತಿದ್ದ ಅತ್ತೆ. ಊಟದ ಕ್ಯಾರಿಯರ್ ಹಿಡಿದು ಆಗಷ್ಟೇ ಬಂದ ಅಮ್ಮ. ಕೌಂಟರಿನಲ್ಲಿ ಅವಳು ಕತ್ತರಿಯಿಂದ ಮಾತ್ರೆಯ ಸ್ಟ್ರಿಪ್ ಕತ್ತರಿಸುತ್ತಿದ್ದಳು, ಮುಂದೆ ಡಾಕ್ಟರ ಚೀಟಿ ಹಿಡಿದ ಒಬ್ಬ ಅಜ್ಜ ಕಾಯುತ್ತಿದ್ದರು. ಅವಳು ತಲೆ ಎತ್ತಿದಳು, ನೋಡಿದಳು, ಮತ್ತೆ ಕತ್ತರಿಯತ್ತ ತಿರುಗಿದಳು. ಆ ಒಂದು ನೋಟಕ್ಕೇ ಅವನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು.

"ನಿನ್ನೆ ನೆಮ್ಮದಿ ಅಂತ ಅಂದಿದ್ದೆಲ್ಲ ಸುಳ್ಳು," ಎಂದ, ಎಲ್ಲರಿಗೂ ಕೇಳುವ ಹಾಗೆ. "ನನಗೆ ಭಯ ಆಗಿತ್ತು. ಈಗಲೂ ಆಗ್ತಿದೆ. ಆದ್ರೆ ನಿನ್ನ ಬಿಟ್ಟು ಇರೋಕೆ ನನ್ನ ಕೈಲಿ ಆಗಲ್ಲ."

ಕತ್ತರಿ ನಿಂತಿತು. ಅವಳ ಕಿವಿ ಕೆಂಪಾದವು.

"ನನ್ನ ಮಾತ್ರೆ," ಎಂದರು ಅಜ್ಜ.

"ಅದೆಲ್ಲ ಆಮೇಲೆ," ಅತ್ತೆ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದು ನಿಂತರು. "ಆ ಕಥೆ ನಿನಗೆ ಹೇಳಿದ್ದು ಯಾರು? ಅದನ್ನ ಮೊದಲು ಹೇಳು."

ನಿನ್ನೆಯಾಗಿದ್ದರೆ ಯಾರೂ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಇವತ್ತು ಆ ಮಾತಿನ ಹಿಂದೆ ದೊಡ್ಡಪ್ಪನ ಗುಟ್ಟಿತ್ತು. ಗಲ್ಲಾದ ಕಡೆ ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗಲು ಹವಣಿಸಿತು. ಅವನು ನೆಲ ನೋಡಿದ. ಅವನ ಮುಖವನ್ನೇ ನೋಡುತ್ತಿದ್ದ ಅವಳಿಗೆ ಅದು ಕಾಣದೆ ಇರಲಿಲ್ಲ.

"ಏನೋ ಮುಚ್ಚಿಡ್ತಿದ್ದೀಯ," ಎಂದಳು, ಮೆಲ್ಲಗೆ. ಅವಳ ಮುಖ ಸಣ್ಣದಾಗಿತ್ತು. "ನಮ್ಮನೇಲಿ ಅಂಥದ್ದೇನಾದ್ರೂ ಇದೆಯಾ?"

ಇದೆ ಎಂದರೆ ಒಂದು ಮನೆ ಮುರಿಯುತ್ತದೆ. ಇಲ್ಲ ಎಂದರೆ ಅವಳು ನಂಬುವುದಿಲ್ಲ.

"ನಾನೇ ಹೇಳಿದ್ದು," ಎಂದರು ಅಮ್ಮ.

ಕ್ಯಾರಿಯರ್ ಕೌಂಟರಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಅಡುಗೆಗೆ ಉಪ್ಪು ಹಾಕಿದ್ದು ನಾನೇ ಎನ್ನುವಷ್ಟೇ ಸಲೀಸಾಗಿ ಹೇಳಿದ್ದರು.

"ನೀನಾ?" ಅತ್ತೆ ಬಾಯಿಬಿಟ್ಟರು.

"ಹೂಂ. ಅವನು ಊಟಕ್ಕೆ ಬಂದಿದ್ದಾಗ. ಯಾರಿಗೂ ಹೇಳಬೇಡ ಅಂದಿದ್ದೆ, ಅದಕ್ಕೇ ಬಾಯಿ ಬಿಡ್ತಿಲ್ಲ. ನನ್ನ ತವರುಮನೆ ಪಕ್ಕದ ಮನೆ ಕಥೆ ಅದು. ಅವನು ಅದಕ್ಕೆ ನಿಮ್ಮಣ್ಣನ ನಡವಳಿಕೆ ಅಂಟಿಸಿ ಬರೆದ, ಅಷ್ಟೇ. ಅಲ್ವೇನಪ್ಪ?"

ಅವನು ಅಮ್ಮನ ಮುಖ ನೋಡಿದ. "ಹೌದಮ್ಮ," ಎಂದ. ಹೌದೆನ್ನದೆ ಬೇರೆ ದಾರಿಯೇ ಇರಲಿಲ್ಲ.

ಅತ್ತೆಯ ಕೋಪಕ್ಕೆ ನೆಲೆಯೇ ಇಲ್ಲದಂತಾಯಿತು. ಕೋಪ ಹೋದ ಜಾಗಕ್ಕೆ ಕುತೂಹಲ ಬಂತು. "ಮತ್ತೆ ಆ ಹುಡುಗಿ? ಅವಳಿಗೆ ಯಾರ ಮೇಲೆ ಮನಸ್ಸಿತ್ತು? ಅದನ್ನ ಇವನು ಬರೆದೇ ಇಲ್ಲ."

ಅಮ್ಮ ಕ್ಯಾರಿಯರಿನ ಹಿಡಿ ಬಿಚ್ಚಿದರು. ಮೇಲಿನ ಡಬ್ಬಿ ತೆಗೆದಿಟ್ಟರು. "ಅಣ್ಣನ ಮೇಲೆ," ಎಂದರು. "ಆದ್ರೆ ಅವಳನ್ನ ಯಾರೂ ಕೇಳಲಿಲ್ಲ. ಕೇಳಿದ್ದಿದ್ರೆ ಹೇಳ್ತಿದ್ದಳು. ಆಮೇಲೆ ಚೆನ್ನಾಗೇ ಬಾಳಿದಳು, ಅವಳ ಗಂಡ ಒಳ್ಳೆಯೋನು."

ಗಲ್ಲಾದಲ್ಲಿ ದೊಡ್ಡಪ್ಪ ಎಣಿಸುತ್ತಿದ್ದ ಚಿಲ್ಲರೆಯನ್ನು ಕೆಳಗಿಟ್ಟರು.

ಅಮ್ಮ ಅವನತ್ತ ತಿರುಗಿದರು. "ಭಯ ಆಗುತ್ತೆ, ಬಿಟ್ಟಿರೋಕೆ ಆಗಲ್ಲ, ಎಲ್ಲಾ ನಿನ್ನದೇ ಹೇಳ್ಕೊಂಡೆ. ಅವಳನ್ನ ಕೇಳಿದೆಯಾ? ಇಲ್ಲೇ ನಿಂತಿದ್ದಾಳೆ. ಕೇಳು."

ಅವನು ಕೌಂಟರಿನ ಹತ್ತಿರ ಹೋದ. ಅವಳ ಕಣ್ಣಿನ ಹನಿ ಇಳಿದು ಪಾಪೆಗಳು ಮೊದಲಿನಂತಾಗಿದ್ದವು, ಈಗ ಅವನ ಮುಖದ ಒಂದೊಂದು ಗೆರೆಯೂ ಅವಳಿಗೆ ಕಾಣುತ್ತಿತ್ತು.

"ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ.

ಅವಳು ಕತ್ತರಿಯನ್ನು ಕೆಳಗಿಟ್ಟಳು. ತುಟಿಯಂಚಿನಲ್ಲಿ ನಗು ಬಂತು, ಬರಬಾರದೆಂದು ಕಚ್ಚಿ ಹಿಡಿದಳು, ಅದು ಕಣ್ಣಿಗೆ ಹತ್ತಿತು. ಏನೋ ಅಂದಳು.

"ಕೇಳಿಸಲಿಲ್ಲ," ಎಂದ ಅವನು, ನಿಸ್ಸಹಾಯಕನಾಗಿ.

"ಹೂಂ ಅಂದಳಪ್ಪ," ಎಂದರು ಅಜ್ಜ. "ನನಗೇ ಕೇಳಿಸ್ತು. ಇನ್ನಾದ್ರೂ ನನ್ನ ಮಾತ್ರೆ ಕೊಡಿ."

ಅತ್ತೆ ನಕ್ಕುಬಿಟ್ಟರು. ಅವಳು ಒಂದು ಕೈಯಿಂದ ಅಜ್ಜನಿಗೆ ಮಾತ್ರೆ ಕೊಡುತ್ತಾ, ಇನ್ನೊಂದು ಕೈಯನ್ನು ಕೌಂಟರಿನ ಕೆಳಗಿನಿಂದ ಚಾಚಿ ಅವನ ಬೆರಳು ಹಿಡಿದಳು. ಬಿಸಿಯಾಗಿತ್ತು ಆ ಕೈ.

ಆಗ ಅವನು ಗಲ್ಲಾದ ಕಡೆ ನೋಡಿದ. ದೊಡ್ಡಪ್ಪ ಎರಡು ಅಂಗೈಯನ್ನೂ ಮೇಜಿನ ಮೇಲೆ ಊರಿ, ಅಮ್ಮ ಹೇಳಿದ್ದನ್ನು ಇನ್ನೂ ಕೇಳುತ್ತಲೇ ಇರುವವರಂತೆ ಕೂತಿದ್ದರು. ಅಮ್ಮ ತಟ್ಟೆಗೆ ಅನ್ನ ಹಾಕಿ ಅವರ ಮುಂದಿಟ್ಟರು. ಇನ್ನೊಂದು ಸೌಟು ಹಾಕಲು ಹೋದಾಗ ದೊಡ್ಡಪ್ಪ ಸಾಕು ಅನ್ನಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಮ್ಮ ಬಡಿಸಿ, ನೀರಿನ ಲೋಟ ತುಂಬಿಸಿ, ಅಪ್ಪ ಬಂದರೇನೋ ನೋಡುತ್ತೇನೆ ಎಂದು ಬಾಗಿಲಿಗೆ ಹೋಗಿ ನಿಂತರು.

"ನೀನ್ಯಾಕೆ ಅಳ್ತಿದ್ದೀಯ?" ಎಂದು ಅವಳು ಪಿಸುಗುಟ್ಟಿದಳು.

"ಖುಷಿಗೆ," ಎಂದ.

ಅವಳು ನಂಬಿದಳು, ಅವನ ಬೆರಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.