ಮೌನಪ್ಪನ ಗಿಟಾರಿನ ಕೆಳದನಿ

ಮೌನಪ್ಪ ಮಣ್ಣಾದ ಮೂರನೆಯ ದಿನ, ಹಾಲುತುಪ್ಪ ಎರೆದು ಗಂಡಸರು ಮನೆಗೆ ಮರಳಿದಾಗ ಕ್ಯಾಸೆಟ್ಟು ಕಾಣೆಯಾದದ್ದು ಗೊತ್ತಾಯಿತು. ಎಂಬತ್ಮೂರನೇ ಇಸವಿ, ಪುಷ್ಯ ಮಾಸದ ಕೊರೆಯುವ ಚಳಿ.

ಮಾನ್ವಿಯ ಆ ಸಣ್ಣ ಮನೆಯಲ್ಲಿ ತಗಡಿನ ಟ್ರಂಕು ಬಾಯಿ ತೆರೆದು ಕೂತಿತ್ತು. ಒಳಗೆ ಗಿಟಾರಿನ ತಂತಿಯ ಸುರುಳಿ, ಎರಡು ಅಂಗಿ, ಒಂದು ಖಾಲಿ ಡಬ್ಬಿ. ಸ್ಮಶಾನಕ್ಕೆ ಹೊರಡುವ ಮುಂಚೆ ಗದ್ದೆಪ್ಪನವರು ಕೈಯಾರೆ ಕ್ಯಾಸೆಟ್ಟನ್ನು ಆ ಡಬ್ಬಿಯಲ್ಲಿಟ್ಟಿದ್ದರು.

ಗದ್ದೆಪ್ಪನವರು ಪೊಲೀಸ್ ಜಮಾದಾರರಾಗಿ ನಿವೃತ್ತರಾದವರು. ಮೌನಪ್ಪ ಅವರ ತಮ್ಮನ ಮಗ, ಹೆಗಲ ಮೇಲೆ ಹೊತ್ತು ಬೆಳೆಸಿದವನು. ರಾಯಚೂರಿನ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ. ಮೂವತ್ತನಾಲ್ಕಕ್ಕೇ ಜ್ವರ ಅವನನ್ನು ಒಯ್ದಿತು. ಅವನು ಕಟ್ಟಿದ ಪ್ರೀತಿಯ ಹಾಡು ಒಂದೇ, ಅದು ತುಂಬಿದ್ದ ಕ್ಯಾಸೆಟ್ಟೂ ಒಂದೇ. ಅದೂ ಹೋದರೆ ಅವನ ಬೆರಳಿನ ಸದ್ದು ಈ ಭೂಮಿಯ ಮೇಲೆ ಉಳಿಯುವಂತಿರಲಿಲ್ಲ.

ಗಂಡಸರು ಸ್ಮಶಾನಕ್ಕೆ ಹೊರಟಾಗ ಮನೆಯಲ್ಲಿ ಉಳಿದವರು ಮೂವರು. ಮೌನಪ್ಪನ ಹೆಂಡತಿ ವೆಂಕಮ್ಮ, ಮೊದಲ ಬಸ್ಸಿಗೆ ರಾಯಚೂರಿನಿಂದ ಬಂದ ಹಾರ್ಮೋನಿಯಂ ಜಂಬಣ್ಣ, ಅದೇ ಬಸ್ಸಿನಲ್ಲಿ ಬಂದ ಗಾಯಕಿ ನೂರ್ ಬೀ.

"ಜಂಬಣ್ಣಾ, ನಾವು ಹೋದ ಮ್ಯಾಲೆ ನೀ ಎಲ್ಲಿದ್ದಿ?"

"ಕಾಲುವಿ ದಂಡಿಗೆ ಬೀಡಿ ಸೇದಾಕ ಹೋಗಿದ್ದೆ. ಯಾಕ್ರಿ ಜಮಾದಾರ್ರೇ, ನನ್ನ ಮ್ಯಾಲೆ ಗುಮಾನಿ ಏನು?"

"ಆ ಹಾಡಿನ ಮ್ಯಾಲೆ ನಿನಗ ಸಿಟ್ಟಿತ್ತಲ್ಲ?"

"ಸಿಟ್ಟಿತ್ತು. ಇಲ್ಲ ಅನ್ನಂಗಿಲ್ಲ. ವಿಲಾಯತಿ ಗ್ರಾಮಫೋನ್ ಪ್ಲೇಟಿನಿಂದ ಎತ್ತಿದ ರಾಗ, ಚಪ್ಪಾಳೆ ಅವನಿಗೆ! ನಾನು ಹದಿನೈದು ವರ್ಷ ಪೆಟ್ಟಿಗಿ ಒತ್ತಿದ್ದು ಯಾರು ಕೇಳ್ಯಾರ?"

"ಸತ್ತವರ ಮನಿಯಾಗ ಹೊಟ್ಟಿಕಿಚ್ಚು ಹರಡಬ್ಯಾಡೋ," ಎಂದಳು ನೂರ್ ಬೀ.

"ನಿನಗೇನವಾ, ಹಾಡೇ ನಿನ್ನ ಮ್ಯಾಲೆ ಕಟ್ಟಿದ್ದು ಅಂತಾರ ಮಂದಿ!"

ಅಡುಗೆಮನೆಯಲ್ಲಿ ಕೂತಿದ್ದ ವೆಂಕಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ನೀ ಎಲ್ಲಿದ್ದೆವ್ವಾ?"— ಗದ್ದೆಪ್ಪ ನೂರ್ ಬೀಯನ್ನು ಕೇಳಿದರು.

"ಎದುರುಮನಿ ಕರೆಮ್ಮನ ಹತ್ರ, ಜಮಾದಾರ್ ಸಾಬ್. ಈ ಮನಿಗೆ ರೊಟ್ಟಿ ಬಡಿಯಾಕತ್ತಿದ್ದೆ."

ಗದ್ದೆಪ್ಪ ನೀರು ಕುಡಿಯಲು ಅಡುಗೆಮನೆಯ ಹೊಸ್ತಿಲಿಗೆ ಬಂದರು. ಒಲೆಯೊಳಗೆ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಬೆಕ್ಕನ್ನು ಮೆಲ್ಲಗೆ ಎತ್ತಿ, ಬೂದಿಯಲ್ಲಿ ಕೈಯಿಟ್ಟರು.

"ವೆಂಕಮ್ಮಾ, ಕ್ಯಾಸೆಟ್ಟು ಕೊಡವ್ವಾ."

ಜಂಬಣ್ಣ ಬಾಯಿ ತೆರೆದು ನಿಂತ. "ಏನ್ರೀ ಇದು? ಗಂಡನ ಹಾಡು ಹೆಂಡ್ತಿ ಕದೀತಾಳೇನು?"

"ಸೂತಕದ ಮನಿ. ಮೂರು ದಿನದಿಂದ ಒಲಿ ಹಚ್ಚಿಲ್ಲ, ರೊಟ್ಟಿ ಎದುರುಮನಿಯಿಂದ ಬರಾಕತ್ತಾವ. ಹಂಗಾದ್ರ ಈ ಚಳಿಯಾಗ ಬೆಕ್ಕು ತಣ್ಣನ ಬೂದಿಯಾಗ ಯಾಕ ಮಲಗ್ತದ? ಮುಟ್ಟಿ ನೋಡು, ಬೂದಿ ಬಿಸಿ ಅದ, ಆದ್ರ ಕರಗಿದ ಪ್ಲಾಸ್ಟಿಕ್ ಒಳಗಿಲ್ಲ. ಜಂಬಣ್ಣಾ, ಕದ್ದಾಂವ ನೀನಾಗಿದ್ರ ಕಾಲುವಿಗೆ ಒಗೀತಿದ್ದಿ. ನೂರ್ ಬೀ ಚೀಲದಾಗ ಹಾಕ್ಕೊಂಡು ಹೋಗ್ತಿದ್ಲು. ಹೊಸ್ತಿಲು ದಾಟಬಾರದಾಕಿ ಒಬ್ಬಾಕಿನೇ. ಆಕಿಗೆ ಇದ್ದದ್ದು ಈ ಒಲಿ ಮಾತ್ರ."

ವೆಂಕಮ್ಮ ಜೋಳದ ಗಡಿಗೆಯೊಳಗೆ ಕೈ ಹಾಕಿ ಕ್ಯಾಸೆಟ್ಟು ತೆಗೆದಳು. ಒಂದು ಮೂಲೆ ಬೆಂಕಿಗೆ ಮೆತ್ತಗಾಗಿ ಬಾಗಿತ್ತು.

"ಸುಡಬೇಕಂತ ಹಿಡಿದೆ, ಮಾವಾ. ಕೈ ಬರಲಿಲ್ಲ. ಐದು ವರ್ಷ! ಇಕಿ ಹಾಡ್ತಿದ್ಲು, ಅವರು ಕಣ್ಣು ಮುಚ್ಚಿ ಬಾರಿಸ್ತಿದ್ರು. ಒಮ್ಮೆನೂ ಪೂರ್ತಿ ಕೇಳಿಲ್ಲ ನಾನು. ಹಾಡು ಶುರು ಆದ ಕೂಡ್ಲೇ ಎದ್ದು ಹೋಗ್ತಿದ್ದೆ."

ನೂರ್ ಬೀ ಬಂದು ಅವಳ ಪಕ್ಕದಲ್ಲಿ ಕೂತಳು. "ಇವತ್ತು ಎದ್ದು ಹೋಗಬ್ಯಾಡ. ನನ್ನ ದನಿ ಬಿಡು. ಅದರ ಕೆಳಗ ಗಿಟಾರ್ ಏನಂತದ, ಅದನ್ನಷ್ಟೇ ಕೇಳು."

ಗದ್ದೆಪ್ಪನವರು ಮೌನಪ್ಪನ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದರು. ಅದು ಕರಕರ ಎಂದು ತಿರುಗಿತು. ಮೇಲೆ ನೂರ್ ಬೀಯ ಏರುದನಿ. ಅದರ ಕೆಳಗೆ, ಅದಕ್ಕೆ ಹೊಂದಿಕೊಂಡೇ, ಗಿಟಾರಿನ ಇನ್ನೊಂದು ರಾಗ— ನಿಧಾನ, ಬಗ್ಗಿ ಬಗ್ಗಿ ನಡೆದಂತೆ.

ವೆಂಕಮ್ಮನ ತುಟಿ ಅದರ ಜೊತೆಗೆ ಅಲುಗಿತು. ತಟ್ಟನೆ ನಿಂತಿತು.

"ಇದು... ನಾನು ಹತ್ತಿ ಬಿಡಿಸುವಾಗ ಗುನುಗೋದು. ದೇವದುರ್ಗದಾಗ, ನಮ್ಮಪ್ಪನ ಹೊಲದಾಗ."

"ಹೌದವ್ವಾ," ಎಂದಳು ನೂರ್ ಬೀ. "ಜಂಬಣ್ಣ ಅನ್ನೋದೂ ಅರ್ಧ ಖರೇನೇ. ಪ್ಲೇಟು ಕೇಳಿನೇ ಶುರು ಮಾಡಿದ್ದು. ಅಂಥ ವಿಲಾಯತಿ ಹಾಡಿನ ಬೇರು ಅಲ್ಲಿನ ಹತ್ತಿ ಹೊಲದಾಗ ಅದ, ಕರಿ ಕೂಲಿ ಮಂದಿ ಬಾಯಾಗ, ಅಂತಿದ್ರು ನಿನ್ನ ಗಂಡ. ಕೇಳ್ತಾ ಕೇಳ್ತಾ ಹೆಂಡ್ತಿ ನೆನಪಾದ್ಲಂತ. ಮೊದಲು ನಿನ್ನ ರಾಗ ಇಟ್ಟು, ಆಮ್ಯಾಲೆ ಅದರ ಮ್ಯಾಲೆ ನನ್ನದು ಕಟ್ಟಿದ್ರು. ಕೆಳಗಿಂದು ತೆಗೆದ್ರ ನನ್ನ ದನಿ ನಿಲ್ಲಂಗೇ ಇಲ್ಲ."

"ನನಗ ಯಾಕ ಹೇಳಲಿಲ್ಲ ಅವರು?"

"ನಾನೂ ಕೇಳಿದ್ದೆ. 'ಆಕಿ ರಾಗ ಆಕಿಗೆ ಗೊತ್ತಾಗಂಗಿಲ್ಲೇನು?' ಅಂದ್ರು." ನೂರ್ ಬೀ ಕಣ್ಣೊರೆಸಿಕೊಂಡಳು. "ಐದು ವರ್ಷ ಹಾಡಿದ್ದು ನಾನು, ಹಾಡು ನಿನ್ನದು. ಹೊಟ್ಟಿ ಉರಿಯೋ ಪಾಳಿ ನನ್ನದಿತ್ತವ್ವಾ."

ಹಾಡು ಮುಗಿಯಿತು. ಯಾರೂ ಏಳಲಿಲ್ಲ.

"ಇನ್ನೊಂದ್ಸಲ ಹಾಕ್ರಿ," ಎಂದ ಜಂಬಣ್ಣ, ತಲೆ ಎತ್ತದೆ.

ಈ ಸಲ ವೆಂಕಮ್ಮ ಸಣ್ಣಗೆ ಗುನುಗಿದಳು. ನೂರ್ ಬೀ ಎರಡೂ ಅಂಗೈ ಬಿಚ್ಚಿ ಹಿಡಿದಳು. ಗದ್ದೆಪ್ಪನವರು ಬೂದಿ ಮೆತ್ತಿದ ಕೈಗಳನ್ನೇ ಜೋಡಿಸಿದರು.

"ಪರಮಾತ್ಮಾ, ನನಗಿಂತ ಮೊದಲು ನಿನ್ನ ಬಾಗಿಲಿಗೆ ಬಂದಾನ ನನ್ನ ಕೂಸು. ಮಾತು ಕಡಿಮಿ ಅವನದು. ಕೈ ಹಿಡಿದು ಒಳಗ ಕರಕೋ. ಅವನ ಜೀವಕ್ಕ ಶಾಂತಿ ಕೊಡು, ತಂದೇ."