ಗೋಡೆ ಹಿಡಿದ ಉಸಿರು

ಬಾಣಂತಿ ಕೋಣೆಯ ಗೋಡೆ ಉಸಿರಾಡುತ್ತಿತ್ತು.

ಸದ್ದು ಬರುತ್ತಿರುವುದು ಮೊಳೆಗೆ ತೂಗುಹಾಕಿದ ಅಂಗೈಯಗಲದ ಬಿಳಿ ಬಿಲ್ಲೆಯಿಂದ ಎಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಅವರು ನೋಡುತ್ತಿದ್ದುದು ಗೋಡೆಯನ್ನೇ. ಗಾಢ ನಿದ್ದೆಯಲ್ಲಿರುವವರ ಉಸಿರಿನಂತೆ ಅದು ಮೆಲ್ಲಗೆ ಒಳಕ್ಕೆ ಹೋಗಿ ಮೆಲ್ಲಗೆ ಹೊರಕ್ಕೆ ಬರುತ್ತಿತ್ತು. ಬಿಲ್ಲೆಯ ಬೆನ್ನಿನಿಂದ ಹೊರಟ ತೆಳು ಸೂಜಿಯೊಂದು ಸುಣ್ಣದ ಪದರಗಳನ್ನು ಒಂದೊಂದಾಗಿ ಕೊರೆಯುತ್ತ ಒಳಗಿಳಿಯುತ್ತಿತ್ತು. ಬೆಟಗೇರಿಯ ಆ ಹಳೆಯ ಮನೆಯಲ್ಲಿ ದಸರೆಗೆ ಸುಣ್ಣ ಹಚ್ಚುವ ರೂಢಿ ಇನ್ನೂ ತಪ್ಪಿರಲಿಲ್ಲ. ಹಾಗಾಗಿ ಒಂದು ಪದರ ದಾಟಿದರೆ ಒಂದು ವರ್ಷ ಹಿಂದಕ್ಕೆ ಹೋದಂತೆ. ಕೊರೆದ ಪುಡಿ ಹಿಟ್ಟಿನಂತೆ ನೆಲಕ್ಕೆ ಉದುರುತ್ತಿತ್ತು. ಕೆಲವು ಪದರಗಳಲ್ಲಿ ಉಸಿರು ತುಸು ತಡವರಿಸಿ ಮತ್ತೆ ಸಾಗಿತು.

ತೀರ ಒಳಗೆ ಬಿಳಿ ಪುಡಿ ನಿಂತು ನೀಲಿ ಪುಡಿ ಉದುರಿತು. ಅದರ ಹಿಂದಿನ ಪದರಕ್ಕೆ ಸೂಜಿ ತಗುಲಿದ ಕೂಡಲೇ ಉಸಿರು ನಿಂತುಬಿಟ್ಟಿತು.

“ಯಾಕ ನಿಂತ್ತು?” ಎಂದಳು ಗುರಸಿದ್ದವ್ವ. ಎಂಬತ್ತು ದಾಟಿದ ಆಕೆ ಮೊಮ್ಮಗಳ ಹೊರಸಿನ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಆ ಮೊಳೆಯ ಮೇಲೆ ಅದುವರೆಗೆ ನಿಂಬೆಹಣ್ಣು, ಬಜೆ ಬೇರು, ಕರಿದಾರ ತೂಗುತ್ತಿದ್ದವು. ಅವನ್ನು ಗೊಣಗುತ್ತಲೇ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು.

ಬಿಲ್ಲೆ ಹಾಕಲು ಬಂದಿದ್ದ ರೇಹಾನಾ ನದಾಫ ಕೈಯಲ್ಲಿದ್ದ ಸಾಧನದ ತೆರೆಯನ್ನು ನೋಡಿದಳು. ಉತ್ತರ ಅಲ್ಲಿತ್ತು. ಹಿಂದೆ ನಿಂತಿದ್ದ ಈರಣ್ಣ, ಮುದುಕಿಯ ಮಗ, ಮೆಲ್ಲಗೆ ಕೆಮ್ಮಿದ.

“ಸ್ವಲ್ಪ ದಣಕೊಂಡೈತಿ, ಆಯಿ,” ಎಂದಳು ರೇಹಾನಾ.

“ಯಂತ್ರಕ್ಕೂ ದಣಿವ? ಗಾದಿ ಮಾಡೋ ನದಾಫರ ಮನಿ ಮಗಳು ಗಾಳಿ ಹಿಡ್ಯಾಕ ಹೊಂಟ್ರ ಹಿಂಗ ಆಗ್ತೈತಿ ನೋಡು.”

ಹೊರಸಿನ ಮೇಲೆ ಕಿವಿಗೆ ಅರಿವೆ ಕಟ್ಟಿಕೊಂಡು ಮಲಗಿದ್ದ ಇಂಚರಾ ನಕ್ಕಳು. ಅವಳ ಮಗ್ಗುಲಲ್ಲಿ ಕುಂಚಿಗೆಯೊಳಗಿನ ಕೂಸು ಮುಖ ಗಂಟಿಕ್ಕಿ ನಿದ್ದೆ ಮಾಡುತ್ತಿತ್ತು.

ಅದು 2060ರ ದಶಕದ ಒಂದು ಚಳಿಗಾಲ. ರೇಹಾನಾ ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ರೂಪಿಸಿದ ‘ಉಸಿರುಗಾವಲು’ ಎಂಬ ಈ ಬಿಲ್ಲೆ ಆಗಷ್ಟೇ ಮನೆಗಳಿಗೆ ಬರತೊಡಗಿತ್ತು. ಮೊದಮೊದಲಿನ ಮನೆಗಳಿಗೆ ಅವಳೇ ಹೋಗಿ ಹಾಕಿ ಬರುತ್ತಿದ್ದಳು. ಅದಕ್ಕೂ ಹಿಂದಿನ ಸಾಧನಗಳು ವಿಷಗಾಳಿಗೆ ಕೂಗುತ್ತಿದ್ದವು, ಒಗ್ಗರಣೆಗೂ ಕೂಗುತ್ತಿದ್ದವು. ಬೇಸತ್ತ ಜನ ಬ್ಯಾಟರಿ ಕಿತ್ತು ಮಕ್ಕಳ ಆಟಿಕೆಗೆ ಹಾಕುತ್ತಿದ್ದರು. ರೇಹಾನಾ ತಾನು ಹಡೆದಾಗ ಒಂದು ಸಂಗತಿ ಗಮನಿಸಿದ್ದಳು. ಮಗು ಅತ್ತರೆ ಎಷ್ಟೋ ಸಲ ಅವಳಿಗೆ ಎಚ್ಚರವಾಗುತ್ತಿರಲಿಲ್ಲ. ಮಗುವಿನ ಉಸಿರಿನ ಸದ್ದು ಕೇಳಿಸದಿದ್ದರೆ ಮಾತ್ರ ಧಡಕ್ಕನೆ ಎದ್ದು ಕೂರುತ್ತಿದ್ದಳು. ಹಾಗಾಗಿ ಅವಳ ಸಾಧನ ಸದಾ ಉಸಿರಾಡುತ್ತಿತ್ತು. ಅಪಾಯದ ಸುಳಿವು ಸಿಕ್ಕರೆ ಮೊದಲು ಉಸಿರು ಹಿಡಿಯುತ್ತಿತ್ತು. ಯಾರೂ ಏಳದಿದ್ದರೆ ಆಮೇಲೆ ಚೀರುತ್ತಿತ್ತು.

ಗೋಡೆಯನ್ನು ಓದುವುದು ಮೊದಲ ದಿನದ ಕೆಲಸ ಮಾತ್ರ. ಹಳೆಯ ಮನೆಯ ಗೋಡೆಗಳಲ್ಲಿ ಎಂದೆಂದಿನದೋ ಮಸಿ, ಹೊಗೆ ಕೂತಿರುತ್ತದೆ. ಅದನ್ನು ಮೊದಲೇ ಅರಿಯದಿದ್ದರೆ ಸಾಧನಕ್ಕೆ ಹಿಂದಿನದು ಯಾವುದು, ಇಂದಿನದು ಯಾವುದು ಎಂದು ತಿಳಿಯುವುದಿಲ್ಲ. ಹಸಿ ಸುಣ್ಣ ಗಾಳಿಯನ್ನು ಕುಡಿಯುತ್ತ ಕಲ್ಲಾಗುತ್ತದೆ. ಆ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಅದರ ಗುರುತೂ ಕಲ್ಲಿನೊಳಗೆ ಉಳಿಯುತ್ತದೆ ಎಂಬುದು ರೇಹಾನಾಳ ಶೋಧ. ಇದ್ದಿಲಾಗಲಿ ಗ್ಯಾಸಾಗಲಿ ಸಾಲದ ಗಾಳಿಯಲ್ಲಿ ಅರೆಬರೆ ಉರಿದಾಗ ಹುಟ್ಟುವ ವಿಷ ಅದು. ಬಣ್ಣವಿಲ್ಲ, ವಾಸನೆಯಿಲ್ಲ. ಸ್ವಲ್ಪ ಹೊಕ್ಕರೆ ತಲೆ ಸಿಡಿಯುತ್ತದೆ, ಮನಸ್ಸು ಮಂಕಾಗುತ್ತದೆ, ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ. ಹೆಚ್ಚು ಹೊಕ್ಕರೆ ನಿದ್ದೆಯಲ್ಲೇ ಮುಗಿಯುತ್ತದೆ.

ಗೋಡೆ ಹೇಳಿದ್ದನ್ನು ಗುಟ್ಟಾಗಿಟ್ಟುಕೊಳ್ಳುವ ಇನ್ನೊಂದು ಮಾದರಿಯೂ ಇತ್ತು. ಓದುತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಈರಣ್ಣ ಅದನ್ನೇ ಕೇಳಿದ್ದ. “ನಮಗ ಈಗಿಂದಷ್ಟ ಸಾಕ್ರಿ ಮೇಡಮ್.” ಗೋಡೆ ಹೇಳಿದ್ದೆಲ್ಲ ಕೇಳಲೇಬೇಕೆಂದು ಹಠ ಹಿಡಿದವಳು ಇಂಚರಾ. ಹಡೆದು ತವರಿಗೆ ಬಂದಾಗಿನಿಂದ ಆ ಕೋಣೆಯಲ್ಲಿ ಅವಳಿಗೆ ಬಳೆಯ ಸದ್ದು ಕೇಳುತ್ತಿತ್ತು.

ಸೂಜಿ ಹೊರಬಂತು. ಬಿಲ್ಲೆ ಈಗಿನ ಗಾಳಿಗೆ ಮರಳಿ ಉಸಿರಾಡತೊಡಗಿತು. ಈರಣ್ಣ ರೇಹಾನಾಳನ್ನು ಚಹಾದ ನೆಪದಲ್ಲಿ ಪಡಸಾಲೆಗೆ ಕರೆದ.

“ಏನ್ ಕಾಣಿಸ್ತ್ರಿ?”

“ನೀಲಿ ಪದರದ ಹಿಂದಿಂದು, 2020ರ ದಶಕದ್ದು. ಅಷ್ಟು ವಿಷ ತುಂಬಿದ ಕೋಣ್ಯಾಗ ಯಾರರ ಮಲಗಿದ್ರ…”

“ನಮ್ಮಕ್ಕ ಮಲಗಿದ್ಲು,” ಎಂದ ಈರಣ್ಣ. “ಭಾಗ್ಯಶ್ರೀ. ಮಗ್ಗಲಾಗ ಆಕಿ ಕೂಸು.”

ಅವನಾಗ ಶಾಲೆಗೆ ಹೋಗುವ ಹುಡುಗ. ಭಾಗ್ಯಶ್ರೀ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವಳೆಂದು ಕೋಣೆಗೆ ಹೊಸ ಸುಣ್ಣ ಹಚ್ಚಿದ್ದರು. ಆ ವರ್ಷ ಚಳಿ ಜೋರಿತ್ತು. ಗುರಸಿದ್ದವ್ವ ಕಿಟಕಿಯ ಸಂದುಗಳಿಗೆ ಹಳೆಯ ಸೀರೆ ಹರಿದು ತುರುಕಿದಳು. ಹೊರಸಿನ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು, ಬಾಗಿಲೆಳೆದು, ಹೊರಗೆ ತಾನು ಅಡ್ಡ ಮಲಗಿದಳು. ಬೆಳಗ್ಗೆ ಬಾಗಿಲು ತೆರೆದಾಗ ಕೆಂಡ ಆರಿ ಬೂದಿಯಾಗಿತ್ತು. ತಾಯಿಯೂ ಏಳಲಿಲ್ಲ, ಕೂಸೂ ಏಳಲಿಲ್ಲ. ಭಾಗ್ಯಶ್ರೀಯ ಕೆನ್ನೆಗಳು ಬದುಕಿದ್ದಾಗ ಇದ್ದುದಕ್ಕಿಂತ ಕೆಂಪಗಿದ್ದವು. ಹಸಿ ಮೈಗೆ ದೆವ್ವ ಬಡಿಯಿತು ಎಂದರು ಓಣಿಯವರು. ಹಿರಿಯರು ಹೆಣ ಕೊಯ್ಯಲು ಬಿಡಲಿಲ್ಲ. ಗುರಸಿದ್ದವ್ವ ಮಾತ್ರ ಬೇರೆಯೇ ತಿಳಿದಳು. ತನಗೆ ನಿದ್ದೆ ಹತ್ತಿತು, ಇದ್ದಿಲು ಹಾಕಲಿಲ್ಲ, ಬೆಂಕಿ ಆರಿತು, ಥಂಡಿ ಹೊಕ್ಕು ಮಗಳನ್ನು ಕೊಂದಿತು.

“ಅವತ್ತಿಂದ ಯಾರ ಮನ್ಯಾಗ ಬಾಣಂತನ ಇದ್ರೂ ಅವ್ವ ಹೋಗ್ತಾಳ್ರಿ. ಬೆಂಕಿ ಆರಗೊಡಬ್ಯಾಡ್ರಿ, ಕಿಡಕಿ ತೆಗೀಬ್ಯಾಡ್ರಿ ಅಂತ ಹೇಳಿ ಬರ್ತಾಳ. ಚಳಿಗಾಲ ಬಂದ್ರ ತಾನೂ ಆ ಕೋಣ್ಯಾಗ ಅಗ್ಗಿಷ್ಟಿಗಿ ಮುಂದ ಇಟ್ಕೊಂಡು ಕೂಡ್ತಾಳ. ಭಾಗ್ಯಾ ಬರ್ತಾಳಂತ, ಥಂಡಿ ಅಂತಾಳಂತ.”

ಕೆಲವು ಪದರಗಳಲ್ಲಿ ಉಸಿರು ಯಾಕೆ ತಡವರಿಸಿತೆಂದು ರೇಹಾನಾಳಿಗೆ ಈಗ ತಿಳಿಯಿತು.

“ಹಂಗಿದ್ರ ಇದನ್ನ ಹೇಳಬೇಕಲ್ರೀ, ಅಣ್ಣಾರ. ಕೂಸು ಅದ ಕೋಣ್ಯಾಗ ಐತಿ.”

“ಬೆಂಕಿ ಇಡಬ್ಯಾಡ ಅಂತ ದವಾಖಾನಿಯವರು ಹೇಳ್ಯಾರ, ನಾ ಹೇಳೇನಿ. ನಮ್ಮ ಕಣ್ಣು ತಪ್ಪಿಸಿ ಇಡ್ತಾಳ. ಅದಕ್ಕ ನಿಮ್ಮನ್ನ ಕರೆಸಿದ್ದು.” ಈರಣ್ಣ ತನ್ನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. “ಬೆಂಕಿ ಹಾಕಲಿಲ್ಲ ಅಂತ ಇಷ್ಟ್ ವರ್ಷ ಅತ್ತಾಳ್ರಿ. ಬೆಂಕಿ ಹಾಕಿದ್ದಕ್ಕ ಸತ್ಲು ಅಂತ ಈಗ ಯಾವ ಬಾಯಿಲೆ ಹೇಳ್ಲಿ? ನೀವು ಹೇಳ್ತೀರೇನು?”

ಅವನು ಉತ್ತರಕ್ಕೆ ಕಾಯಲಿಲ್ಲ. “ಅಡಗಿಮನಿಗೂ ಇದ ನಡೀತೈತ್ರಿ?” ಎಂದು ಮಾತು ಹೊರಳಿಸಿದ.

ಅವಳು ವಿವರಿಸತೊಡಗಿದಳು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿಯುತ್ತದೆ, ಅದಕ್ಕೆ ಬೇರೆಯದೇ ಬಿಲ್ಲೆ, ಒಲೆಕಟ್ಟೆಯ ಕೆಳಗೆ. ಗೊತ್ತಾಗಲೆಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಈ ಇದ್ದಿಲಿನ ವಿಷಕ್ಕೆ ವಾಸನೆ ಬೆರೆಸುವವರು ಯಾರೂ ಇಲ್ಲ. ಗಾಳಿಯೊಡನೆ ಬೆರೆತೇ ಇರುತ್ತದೆ, ಅದಕ್ಕೆ ಮಲಗಿದವರ ತಲೆಯ ಎತ್ತರಕ್ಕೆ…

ಮಾತು ಅಲ್ಲಿಗೇ ನಿಂತಿತು. ಏನೋ ಕೇಳಿಸುತ್ತಿಲ್ಲ ಎಂದು ಅವಳಿಗೆ ಅನಿಸಿತು. ಅದೇನೆಂದು ತಿಳಿಯುವಷ್ಟರಲ್ಲಿ ಅವಳು ಓಡುತ್ತಿದ್ದಳು.

ಕೋಣೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲ ಸಂದಿಗೆ ಒಳಗಿನಿಂದ ಸೀರೆ ತುರುಕಿತ್ತು. ಈರಣ್ಣ ಹೆಗಲು ಕೊಟ್ಟು ನೂಕಿದ. ಬಾಣಂತಿಗೆ ನೀರು ಕಾಯಿಸಲೆಂದು ಹಿತ್ತಲಲ್ಲಿ ಹೂಡಿದ್ದ ಒಲೆಯ ಕೆಂಡ ಈಗ ಹೊರಸಿನ ಕೆಳಗಿನ ಅಗ್ಗಿಷ್ಟಿಕೆಯಲ್ಲಿತ್ತು. ಮೇಲೆ ಹೊಸ ಇದ್ದಿಲು ಸುರಿದಿತ್ತು. ಇಂಚರಾ ಅರೆಗಣ್ಣು ತೆರೆದು ಮೂಲೆಯತ್ತ ನೋಡಿ ನಗುತ್ತಿದ್ದಳು. ಗುರಸಿದ್ದವ್ವ ಕೂಡ ಅದೇ ಮೂಲೆಯನ್ನು ನೋಡುತ್ತ ಕೂತಿದ್ದಳು.

“ಸದ್ದು ಮಾಡಬ್ಯಾಡ್ರಿ,” ಎಂದಳು ಮುದುಕಿ. “ಬಂದಾಳ.”

“ಹಸಿರು ಬಳಿ ಇಟ್ಟಾಳ ಅಪ್ಪಾ, ಅತ್ತಿ,” ಎಂದಳು ಇಂಚರಾ.

ಆಗ ಬಿಲ್ಲೆ ಚೀರಿತು. ಆ ಚೀರುವಿಕೆಗೂ ಮೊದಲು, ಹೊಸ್ತಿಲಲ್ಲಿ ನಿಂತ ರೇಹಾನಾಳಿಗೂ ಮೂಲೆಯಲ್ಲಿ ಗಾಜಿಗೆ ಗಾಜು ತಗುಲಿದಂತೆ ಕೇಳಿಸಿತ್ತು. ಆ ವಿಷಗಾಳಿಯನ್ನು ಅವಳಿನ್ನೂ ಒಂದು ಸಲವೂ ಒಳಗೆಳೆದುಕೊಂಡಿರಲಿಲ್ಲ.

ಈರಣ್ಣ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡಿದ. ರೇಹಾನಾ ಇಂಚರಾಳನ್ನು ರಟ್ಟೆ ಹಿಡಿದು ಎಳೆದು ತಂದಳು, ಮತ್ತೆ ಒಳಹೊಕ್ಕು ಮುದುಕಿಯನ್ನು ತಂದಳು, ಅಗ್ಗಿಷ್ಟಿಕೆಯನ್ನು ತಂದಳು, ಕಿಟಕಿಯ ಸಂದುಗಳ ಅರಿವೆಗಳನ್ನು ಕಿತ್ತೆಸೆದಳು. ಕೂಸು ಬಹಳ ಹೊತ್ತು ಅಳಲಿಲ್ಲ. ಆಮೇಲೆ ಒಮ್ಮೆಲೇ, ಓಣಿಗೆಲ್ಲ ಕೇಳುವಂತೆ ಅತ್ತಿತು. ದವಾಖಾನೆಯ ಗಾಡಿ ಬಂತು. ಎಲ್ಲರಿಗೂ ಆಮ್ಲಜನಕ ಕೊಟ್ಟರು, ಜೀವಕ್ಕೆ ಭಯವಿಲ್ಲ ಎಂದರು. ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಹೋದರು. ಈರಣ್ಣ ಜೊತೆಗೆ ಹತ್ತಿದ. ಗುರಸಿದ್ದವ್ವ ಮಾತ್ರ ಯಾರು ಹೇಳಿದರೂ ಗಾಡಿ ಹತ್ತಲಿಲ್ಲ. ರೇಹಾನಾ ಅವಳ ಬಳಿ ಉಳಿದಳು.

ಬಿಸಿಲು ಅಂಗಳ ದಾಟಿ ಪಡಸಾಲೆಗೆ ಬಂದಿತ್ತು. ಮುದುಕಿ ಎದ್ದು ಗೋಡೆ ಹಿಡಿಯುತ್ತ ಕೋಣೆಗೆ ಹೋದಳು. ಬಿಲ್ಲೆಯ ಕೆಳಗೆ ಬಗ್ಗಿ, ನೆಲದ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದಳು.

“ಈ ನೀಲಿ ನಾನ ಕಲಸಿದ್ದು. ಭಾಗ್ಯಾ ಹೋದ ಮ್ಯಾಲ, ದಸರಾಕ್ಕ. ಬಿಳಿ ಗ್ವಾಡಿ ನೋಡಾಕ ಆಗವಲ್ದಾಗಿತ್ತು.” ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಇದನ್ನ ದಾಟಿದ ಮ್ಯಾಲ ನಿನ್ನ ಯಂತ್ರ ಉಸಿರು ಹಿಡೀತು. ಕೂಸಿನ ಮುಂದೂ ಹಂಗ ಹಿಡೀತು. ದಣಿವಲ್ಲ ಅದು. ಹೌದಿಲ್ಲೊ?”

“ಹೌದು, ಆಯಿ.”

“ಒಂದ್ ಮಾತು ಕೇಳ್ತೀನಿ, ಖರೇ ಹೇಳು. ಅವತ್ತು ಬೆಂಕಿ ಕಡಿಮಿ ಆಗಿತ್ತೋ, ಹೆಚ್ಚಾಗಿತ್ತೋ?”

ಕಡಿಮೆ ಎಂದರೆ ಸಾಕಿತ್ತು. ಮುದುಕಿಗೆ ಗೊತ್ತಿರುವ ದುಃಖವೇ ಕೊನೆಯವರೆಗೂ ಉಳಿಯುತ್ತಿತ್ತು. ಆದರೆ ನಾಳೆ ದವಾಖಾನೆಯಿಂದ ಕೂಸು ಇದೇ ಹೊರಸಿಗೆ ಬರುವುದಿತ್ತು. ಓಣಿಯಲ್ಲಿ ಇನ್ನೂ ಬಸುರಿಯರಿದ್ದರು, ಅವರ ಮನೆಗಳಿಗೂ ಈ ಮುದುಕಿ ಹೋಗುವವಳಿದ್ದಳು.

“ಹೆಚ್ಚಾಗಿತ್ತು,” ಎಂದಳು ರೇಹಾನಾ.

ಗುರಸಿದ್ದವ್ವ ಅಳಲಿಲ್ಲ. ಅಂಗಳಕ್ಕೆ ಬಂದು, ಇನ್ನೂ ಕೆಂಪಗಿದ್ದ ಅಗ್ಗಿಷ್ಟಿಕೆಯ ಮುಂದೆ ಕೂತಳು.

“ಥಂಡಿ ಅಂತ ಬರ್ತಾಳ ಅನ್ಕೊಂಡಿದ್ದೆ. ಬಂದಾಗೊಮ್ಮೆ ಇನ್ನೊಂದಿಷ್ಟು ಇಜ್ಜಲ ಹಾಕ್ತಿದ್ದೆ. ಹಾಕಿದಷ್ಟೂ ಬರ್ತಿದ್ಲು.” ತಂಬಿಗೆಯ ನೀರನ್ನು ಕೆಂಡದ ಮೇಲೆ ಸುರಿದಳು. ಹಬೆ ಅವಳ ಮುಖವನ್ನು ಮರೆಮಾಡಿ ಮೇಲೆದ್ದಿತು. “ಇನ್ನ ಬರೂದಿಲ್ಲ.”

ರೇಹಾನಾ ಅವಳ ಪಕ್ಕದಲ್ಲಿ ಕೂತಳು. ತೆರೆದ ಕಿಟಕಿಯಿಂದ ಬಿಲ್ಲೆಯ ಉಸಿರು ಹೊರಗೆ ಬರುತ್ತಿತ್ತು.

“ಆಗ ಇಂಥಾದ್ದು ಇರ್ಲಿಲ್ಲ,” ಎಂದಳು ಮುದುಕಿ. “ಹೌದಲ್ಲ?”

ರೇಹಾನಾ ಆವರೆಗೆ ಓದಿದ ಗೋಡೆಗಳಲ್ಲಿ ಉಸಿರು ಹೆಚ್ಚಾಗಿ ನಿಂತದ್ದು ಅದೇ ಇಪ್ಪತ್ತರ ದಶಕದ ಪದರಗಳಲ್ಲಿ. ಗ್ಯಾಸ್ ಗೀಸರ್ ಇದ್ದ, ಕಿಟಕಿ ಇಲ್ಲದ ಬಚ್ಚಲುಗಳು. ಚಳಿಗೆಂದು ಬಾಗಿಲು ಹಾಕಿಕೊಂಡ ಕೋಣೆಗಳು. ಆ ಕಾಲದ ಜನ ಕೈಯಲ್ಲಿ ಫೋನು ಹಿಡಿದು ಜಗತ್ತಿನಲ್ಲಿರುವುದನ್ನೆಲ್ಲ ಮನೆ ಬಾಗಿಲಿಗೆ ತರಿಸಿಕೊಳ್ಳುತ್ತಿದ್ದರು ಎಂದು ಅವಳು ಓದಿದ್ದಳು. ಮುದುಕಿ ತನ್ನ ಮುಖವನ್ನೇ ನೋಡುತ್ತಿರುವುದು ಅವಳಿಗೆ ಗೊತ್ತಾಯಿತು.

“ಇತ್ತು, ಆಯಿ,” ಎಂದಳು. “ಇಷ್ಟು ಶಾಣ್ಯಾ ಇರ್ಲಿಲ್ಲ, ಬರೇ ಕೂಗ್ತಿತ್ತು. ತಂದು ಒಂದು ಮೊಳಿಗೆ ಹಾಕಿದ್ರ ಸಾಕಿತ್ತು.”

ಗುರಸಿದ್ದವ್ವ ಸೆರಗಿನ ಗಂಟು ಬಿಚ್ಚಿದಳು. ನಿಂಬೆಹಣ್ಣು ಅಂಗೈಗೆ ಉರುಳಿತು. ಅದನ್ನು ಬಹಳ ಹೊತ್ತು ನೋಡಿದಳು.

“ಮೊಳಿ ಆಗೂ ಇತ್ತು,” ಎಂದಳು. “ಲಿಂಬಿಹಣ್ಣು ಹಾಕಿದ್ದೆ.”