ತೀರದ ಮುಯ್ಯಿ

ಯಲ್ಲೇಶ್ ಮದುವೆ ಕಾರ್ಡ್ ಹಿಡಿದು ನಮ್ಮ ಸಂಡೂರಿನ ಮನೆಯ ಹೊಸ್ತಿಲಲ್ಲಿ ನಿಂತಾಗ ನನಗೆ ಮೊದಲು ಬಂದದ್ದು ಸಿಟ್ಟು. ಮದುವೆಯಾಗುವವನು ಆಗಲಿ, ಕಾರ್ಡನ್ನು ನನ್ನ ಕೈಗೇ ತಂದು ಕೊಡಬೇಕೇ?

"ಬರ್ರಿ," ಎಂದೆ. "ಕುಂದ್ರಿ."

"ಕಾಲೇಜ್‌ನಾಗ 'ಲೇ ಯಲ್ಲ್ಯಾ' ಅಂತಿದ್ದಿ ಸುಮಲತಾ," ಎಂದ, ನಗು ತಡೆದುಕೊಳ್ಳುತ್ತ.

"ಅದು ಹೊಸಪೇಟಿ. ಇದು ಅತ್ತಿ ಮನಿ."

ಕೂತವನ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಅವನೇ ಬರೆದ ವಾಟರ್‌ಕಲರ್ ಚಿತ್ರ: ಹಂಪಿಯ ಹೊಳೆ, ದಡಕ್ಕೆ ಕಟ್ಟಿದ ಒಂದು ಹರಿಗೋಲು. ನನ್ನ ಮದುವೆಗೆ ಕೊಟ್ಟದ್ದು. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆಗ ಇಬ್ಬರಿಗೂ ಇರಲಿಲ್ಲ.

ನನ್ನ ಗಂಡ ಮನೋಹರ್‌ಗೆ ಆ ಚಿತ್ರವೆಂದರೆ ಪ್ರಾಣ. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸುತ್ತಿದ್ದರು. ಜ್ವರದಲ್ಲಿ ಅವರು ಹೋಗಿ ಐದು ವರ್ಷವಾಯಿತು. ಅಂದಿನಿಂದ ಅತ್ತೆ ವಿರುಪಮ್ಮ ದಿನಾ ಬೆಳಿಗ್ಗೆ ಅದರ ಗಾಜಿನ ಮೇಲಿನ ಗಣಿಯ ಕೆಂಧೂಳನ್ನು ಸೆರಗಿನಿಂದ ಒರೆಸುತ್ತಾರೆ, ಆಮೇಲೆ ನನಗೆ ತಿಂಡಿ ಬಡಿಸುತ್ತಾರೆ. ಒಂದು ದಿನವೂ ಬೈದವರಲ್ಲ. ಆದರೆ ಅಂಗಡಿಗೂ ನನ್ನೊಬ್ಬಳನ್ನೇ ಕಳಿಸುವುದಿಲ್ಲ. ಬೈದಿದ್ದರೆ ಎಂದೋ ಚೀಲ ಎತ್ತಿಕೊಂಡು ಹೊರಡುತ್ತಿದ್ದೆ. ಪ್ರೀತಿಯಿಂದ ಕಟ್ಟಿಹಾಕಿದವರನ್ನು ಬಿಟ್ಟು ಹೇಗೆ ಹೋಗುವುದು? ಹರಿಗೋಲು ಅಲ್ಲೇ ಇತ್ತು, ನಾನೂ ಇಲ್ಲೇ ಇದ್ದೆ.

"ಮದುವಿ ಯಾವಾಗಪ?" ಅತ್ತೆ ಚಹಾ ತಂದಿಟ್ಟರು.

"ತಂಗೀದ್ರಿ ಅಮ್ಮಾ. ಕಂಪ್ಲಿಯಾಗ."

ತಂಗಿಯದು! ಅಲ್ಲಿಯತನಕ ಬಿಡಿಸದ ಕಾರ್ಡನ್ನು ಆಗ ಬಿಡಿಸಿ ಓದಿದೆ. ಅವನು ನೋಡಿದ, ನೋಡಿಯೂ ನೋಡದವನಂತೆ ಚಹಾ ಊದತೊಡಗಿದ. ಕಳ್ಳ. ತುಟಿಯ ಮೂಲೆಯಲ್ಲಿ ನಗು ಹಾಗೇ ಇತ್ತು.

"ಹಂಗಾದ್ರ ಮುಯ್ಯಿ ತೀರಿಸ್ತೀವಿ ಬಿಡು," ಎಂದರು ಅತ್ತೆ. ನಮ್ಮ ಕಡೆ ಮದುವೆಗೆ ಬಂದ ಉಡುಗೊರೆಗೆ, ಕೊಟ್ಟವರ ಮನೆಯ ಮದುವೆಯಲ್ಲಿ ತಿರುಗಿ ಕೊಡಲೇಬೇಕು. ಉಳಿಸಿಕೊಂಡರೆ ಅತ್ತೆಗೆ ನಿದ್ದೆ ಬಾರದು. "ಆ ಚಿತ್ರದ್ದು ಭಾಳ ದಿನದಿಂದ ಉಳದೈತಿ."

"ಅದು ನನ್ನ ಮುಯ್ಯಿರಿ. ನನ್ನ ಮದುವೀಗೇ ಬರ್ಬೇಕು."

"ನಿಂದ್ಯಾವಾಗ?"

ಅವನು ಕಪ್ ಕೆಳಗಿಟ್ಟ. ಅತ್ತೆಯ ಮುಖ ನೋಡಿಯೇ ಹೇಳಿದ. "ಸುಮಲತಾ ಹೂಂ ಅಂದಾಗರಿ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಇಲ್ಲವೆಂದರೆ ಕಡೆತನಕ ನನಗೆ ಈ ನಾಲ್ಕು ಗೋಡೆ. ಹೂಂ ಎಂದರೆ, ಮಗನನ್ನು ಕಳೆದುಕೊಂಡ ಈ ಜೀವಕ್ಕೆ ಸೊಸೆಯೂ ಇಲ್ಲ.

"ಹೇಳವ್ವ," ಎಂದರು ಅತ್ತೆ.

"ಹೂಂ," ಎಂದೆ. ಅಳು ಬಂತು. "ನನಗ ಇವ್ರು ಬೇಕು ಅತ್ತಿ. ನಿಮ್ಮನ್ನ ಬಿಟ್ಟು ಹೋಗಾಕೂ ಆಗವಲ್ದು."

ಯಲ್ಲೇಶ್ ಎನ್ನಲು ಹೋಗಿ 'ಇವ್ರು' ಎಂದುಬಿಟ್ಟಿದ್ದೆ. ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗಿತ್ತು.

ಅತ್ತೆ ಎದ್ದು ಗೋಡೆಯ ಬಳಿ ಹೋದರು. ಬೆಳಿಗ್ಗೆ ಒರೆಸಿದ್ದ ಗಾಜನ್ನೇ ಮತ್ತೆ ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಕಂಪ್ಲಿಗೆ ಹೋಗು. ಇವನ ಅವ್ವನ್ನ ಮಾತಾಡ್ಸಿ ಬಾ," ಎಂದರು, ತಿರುಗದೆ. "ನೀನೊಬ್ಬಾಕಿನ ಹೋಗು. ನಾ ಬರಂಗಿಲ್ಲ."

ನಾನು ಕಾಲಿಗೆ ಬೀಳಲು ಹೋದೆ. ಅವರು ಎರಡೂ ಕೈಯಿಂದ ಚಿತ್ರದ ಚೌಕಟ್ಟನ್ನು ಹಿಡಿದುಕೊಂಡೇ ನಿಂತಿದ್ದರು.

"ಇದನ್ನ ಮಾತ್ರ ಕೇಳಬ್ಯಾಡ್ರಿ," ಎಂದರು. "ಇದು ನನ್ನ ಮಗನ ಮದುವೀದು."